ಪಾರ್ವತೆಮ್ಮನ ಮೂಗು

ವಳಕಮದಿನ್ನಿಯಲ್ಲಿ ಯಾರ ಮನೆಯಲ್ಲಿ ಏನು ಬೇಯುತ್ತಿದೆ ಎಂದು ತಿಳಿಯಬೇಕಾದರೆ ಆ ಮನೆಗೆ ಹೋಗಬೇಕಿರಲಿಲ್ಲ, ಸೂಗಪ್ಪನ ಹೆಂಡತಿ ಪಾರ್ವತೆಮ್ಮನನ್ನು ಕೇಳಿದರೆ ಸಾಕಿತ್ತು. ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಲೇ ಹೇಳುತ್ತಿದ್ದಳು. ಈ ಮನೆಯ ಒಲೆಗೆ ಹಸಿ ಕಟ್ಟಿಗೆ ಹಾಕಿದ್ದಾರೆ, ಆ ಮನೆಯ ಬೇಳೆ ತಳ ಹಿಡಿದಿದೆ, ಇನ್ನೊಬ್ಬಳು ನಿನ್ನೆಯ ಸಾರನ್ನೇ ಕಾಯಿಸಿ ಇವತ್ತಿನದು ಅಂತ ಬಡಿಸುತ್ತಿದ್ದಾಳೆ. ಹತ್ತಕ್ಕೆ ಒಂಬತ್ತು ಸಾರಿ ಹೇಳಿದ್ದು ನಿಜವಾಗಿರುತ್ತಿತ್ತು. ಹತ್ತನೆಯ ಸಾರಿ ತಪ್ಪಿದೆ ಎಂದು ಯಾರಾದರೂ ಹೇಳಿದರೆ ಆಕೆ ಒಪ್ಪುತ್ತಿರಲಿಲ್ಲ. ಆ ಮನೆಯವರೇ ಸುಳ್ಳು ಹೇಳುತ್ತಾರೆ ಎನ್ನುತ್ತಿದ್ದಳು.

ದೇವರು ಕೆಲವರಿಗೆ ಕಂಠ ಕೊಡುತ್ತಾನೆ, ಕೆಲವರಿಗೆ ಕೈಗುಣ ಕೊಡುತ್ತಾನೆ. ಪಾರ್ವತೆಮ್ಮನಿಗೆ ಮೂಗು ಕೊಟ್ಟಿದ್ದ, ಅದರ ಬೆನ್ನಿಗೇ ಅನುಮಾನವನ್ನೂ ಕೊಟ್ಟು ಕಳಿಸಿದ್ದ. ಹಾಲಿನವಳು ನೀರು ಬೆರೆಸಿದ್ದಾಳೆ. ಬಳೆಗಾರ ಹಳೇ ಬಳೆಗಳನ್ನೇ ತೊಳೆದು ತಂದಿದ್ದಾನೆ. ಹುಣಸೆಹಣ್ಣು ಮಾರುವವನು ಬೀಜವನ್ನೇ ಮಾರುತ್ತಿದ್ದಾನೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಮಾಡಿದವರು ಇವಳನ್ನು ನೋಡಿಯೇ ಮಾಡಿರಬೇಕು ಎಂದು ಓಣಿಯವರು ನಗುತ್ತಿದ್ದರು. ಅವರು ನಕ್ಕದ್ದು ಯಾಕೆ ಎಂಬುದೂ ಆಕೆಗೆ ಇನ್ನೊಂದು ಅನುಮಾನ.

ಇಂಥವಳ ಮನೆಯಲ್ಲಿ, ಇಂಥವಳ ಗಂಡನ ಧೋತರದಲ್ಲಿ, ಸುಟ್ಟ ಖಂಡದ ವಾಸನೆ ಬಂತು.

ಐವತ್ಮೂರನೆಯ ಇಸವಿಯ ದೀಪಾವಳಿ ಮುಗಿದ ವಾರ ಅದು. ಸೂಗಪ್ಪ ಮಸ್ಕಿಯ ಸಂತೆಗೆ ಹೋಗಿ ಎಂದಿನಂತೆ ಎಣ್ಣೆ, ಉಪ್ಪು, ಒಣಮೆಣಸಿನಕಾಯಿ ತಂದಿದ್ದ. ಎಂದಿನಂತೆ ಕಾಲಿಗೆ ನೀರು ಹಾಕಿಕೊಂಡು ಒಳಗೆ ಬಂದಿದ್ದ. ಮರುದಿನ ಒಗೆಯಲು ಧೋತರ ಎತ್ತಿದ ಪಾರ್ವತೆಮ್ಮನ ಕೈ ಹಾಗೇ ನಿಂತಿತು. ಅದು ಬೀಡಿಯ ವಾಸನೆಯಲ್ಲ, ಒಲೆಯ ಹೊಗೆಯೂ ಅಲ್ಲ. ಜಾಲಿಯ ಇದ್ದಲಿ ಕೆಂಡವಾಗಿ, ಆ ಕೆಂಡದ ಮೇಲೆ ಜಿಡ್ಡು ತೊಟ್ಟಿಕ್ಕಿ ಚುರುಗುಟ್ಟಿದಾಗ ಏಳುವ ವಾಸನೆ.

ಆಕೆಗೆ ಅದು ಹೊಸದಾಗಿರಲಿಲ್ಲ. ಹಿಂದೆ ಅವರ ಹಿತ್ತಲ ಬೇಲಿಯ ಆಚೆ ಮಹಮ್ಮದಸಾಬನ ಮನೆಯಿತ್ತು. ಅವನದೊಂದು ಎತ್ತು, ಸೂಗಪ್ಪನದೊಂದು ಎತ್ತು, ಎರಡನ್ನೂ ಜೋಡಿ ಮಾಡಿ ಇಬ್ಬರೂ ಹೊಲ ಊಳುತ್ತಿದ್ದರು. ಸಂತೆಯ ದಿನ ಸಂಜೆ ಮಹಮ್ಮದಸಾಬ ತನ್ನ ಹಿತ್ತಲಲ್ಲಿ ಕೆಂಡ ಮಾಡಿ, ಕಬ್ಬಿಣದ ಸಲಾಕಿಗೆ ಖಂಡ ಪೋಣಿಸಿ, ಹೆಂಡತಿ ಮಕ್ಕಳನ್ನು ಸುತ್ತ ಕೂಡಿಸಿಕೊಂಡು ಸುಡುತ್ತಿದ್ದ. ಸೂಗಪ್ಪ ಬೇಲಿಯ ಈಚೆ ಕೂತು ಹರಟುತ್ತಿದ್ದ. ಪಾರ್ವತೆಮ್ಮ ಮಾತ್ರ ಹಿತ್ತಲ ಬಾಗಿಲನ್ನು ದಡಾರನೆ ಹಾಕಿಕೊಂಡು, ಆಚೆಯವರಿಗೆ ಕೇಳಲೆಂದೇ ಬೈಯುತ್ತಿದ್ದಳು. ಈಗ ಆ ಮನೆ ಹಾಳು ಬಿದ್ದಿತ್ತು. ಐದು ವರ್ಷದ ಹಿಂದೆ, ಹೈದರಾಬಾದಿಗೆ ದಿಲ್ಲಿ ಸರಕಾರದ ದಂಡು ಬಂದ ವರ್ಷದ ಗದ್ದಲದಲ್ಲಿ ಮಹಮ್ಮದಸಾಬ ಕಾಣೆಯಾದ. ಹೆಂಡತಿ ಮಕ್ಕಳು ಊರಿಗೆ ತಿರುಗಿ ಬರಲಿಲ್ಲ. ಆ ಸುದ್ದಿಯನ್ನು ಸೂಗಪ್ಪನ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

"ಸಂತ್ಯಾಗ ಏನು ತಿಂದ್ರಿ?" ಎಂದು ಪಾರ್ವತೆಮ್ಮ ಅವತ್ತು ರೊಟ್ಟಿ ಬಡಿಸುತ್ತ ಕೇಳಿದಳು.

"ಮಂಡಾಳ ಒಗ್ಗರಣಿ."

"ಒಗ್ಗರಣಿ ಯಾರು ಇದ್ದಲಿ ಮ್ಯಾಲೆ ಮಾಡತಾರ?"

"ನಿನ್ನ ಮೂಗಿಗೆ ಒಂದು ಬೀಗ ಮಾಡಿಸಬೇಕು ನೋಡು," ಎಂದು ಸೂಗಪ್ಪ ನಕ್ಕ.

ಕೇಳಿದ್ದಕ್ಕೆ ಉತ್ತರ ಕೊಡದೆ ನಗಿಸಲು ನೋಡುವ ಗಂಡಸು ಏನನ್ನೋ ಮುಚ್ಚಿಡುತ್ತಿದ್ದಾನೆ ಎಂಬುದು ಪಾರ್ವತೆಮ್ಮನ ಶಾಸ್ತ್ರ. ಮುಂದಿನ ಸಂತೆಗೂ ಅದೇ ವಾಸನೆ. ಅದರ ಮುಂದಿನ ಸಂತೆಗೆ ಅಂಗಿಯ ತೋಳಿನಲ್ಲಿ ಸಾಸಿವೆ ಗಾತ್ರದ ಮೂರು ತೂತು, ಕಿಡಿ ಹಾರಿ ಸುಟ್ಟವು. ನಾಲ್ಕನೆಯ ಸಂತೆಗೆ ಸೂಗಪ್ಪ ಊರ ಹೊರಗಿನ ಬಾವಿಯಲ್ಲೇ ಮಿಂದು ಬಂದ. ಚಳಿಗಾಲದ ಸಂಜೆ ತಣ್ಣೀರು ಸುರಿದುಕೊಂಡು ಬರುವ ಭಕ್ತಿ ಇವನಿಗೆ ಎಂದಿನಿಂದ ಬಂತು? ರಾತ್ರಿ ಒಂದೇ ರೊಟ್ಟಿಗೆ ಕೈ ತೊಳೆದ. ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ, ಹೊಟ್ಟೆ ತುಂಬದೆ ಗಂಡಸು ರೊಟ್ಟಿ ಬಿಡುವುದಿಲ್ಲ.

ಇದು ಬರೀ ಬಾಯಿ ಚಪಲದ ಮಾತಾಗಿದ್ದರೆ ಬೈದು ಬಿಡಬಹುದಿತ್ತು. ಮಗಳು ಕಸ್ತೂರೆಮ್ಮನ ಮದುವೆ ಲಿಂಗಸುಗೂರಿನ ಒಂದು ಮನೆಗೆ ನಿಶ್ಚಯವಾಗಿತ್ತು. ಅವರು ಮಠಕ್ಕೆ ನಡೆದುಕೊಳ್ಳುವವರು, ಮಡಿಗೆ ಹೆಸರಾದವರು. ವೀಳ್ಯ ಬದಲಿಸುವ ದಿನ ವರನ ಅಜ್ಜಿ ಎಲ್ಲರೆದುರು, "ನಿಮ್ಮ ಮನ್ಯಾಗ ಯಾರರೆ ಖಂಡ ತಿನ್ನೋರು ಅದಾರೇನವ್ವ? ಈಗಾ ಹೇಳಿಬಿಡು," ಎಂದು ಕೇಳಿದ್ದಳು. ಪಾರ್ವತೆಮ್ಮ ಕೊರಳ ಲಿಂಗ ಮುಟ್ಟಿ ಆಣೆ ಮಾಡಿದ್ದಳು. ಮದುವೆ ಮಾಘದಲ್ಲಿ. ಅಷ್ಟರಲ್ಲಿ ಯಾವನಾದರೂ ಮಸ್ಕಿಯಿಂದ ಲಿಂಗಸುಗೂರಿಗೆ ಒಂದು ಮಾತು ಒಯ್ದರೆ ಮಗಳ ಮದುವೆಯೂ ಮುರಿಯಿತು, ಲಿಂಗ ಮುಟ್ಟಿ ಆಡಿದ ಮಾತೂ ಸುಳ್ಳಾಯಿತು. ಈ ಯೋಚನೆ ಹತ್ತಿದ ಮೇಲೆ ಪಾರ್ವತೆಮ್ಮನಿಗೆ ಗಂಡನ ಪಕ್ಕದಲ್ಲಿ ಪೂಜೆಗೆ ಕೂರಲೂ ಮೈ ಕುಗ್ಗುತ್ತಿತ್ತು.

ಪುಷ್ಯ ಮಾಸ ಬಂತು. ಹೊಲದಲ್ಲಿ ಸೀತನಿಯ ದಿನಗಳು. ಹಾಲು ತುಂಬಿದ ಎಳೆಯ ಜೋಳದ ತೆನೆಯನ್ನು ಸಗಣಿ ಕುಳ್ಳಿನ ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಬಿಸಿಬಿಸಿ ಕಾಳನ್ನು ಬೆಲ್ಲದ ಜೊತೆಗೋ ಶೇಂಗಾ ಹಿಂಡಿಯ ಜೊತೆಗೋ ತಿನ್ನುವ ಸುಖ ಆ ಸೀಮೆಯವರಿಗೇ ಗೊತ್ತು. ಅದಕ್ಕೆಂದೇ ಬಿತ್ತಿದ ನಾಲ್ಕು ಸಾಲು ಅವರ ಹೊಲದ ನಡುವೆ ಇದ್ದವು. ಒಂದು ಸಂತೆಯ ಮುಂಜಾನೆ ಪಾರ್ವತೆಮ್ಮ ಹೋಗಿ ನೋಡಿದರೆ ಒಂದು ಸಾಲಿನ ಅರ್ಧ ತೆನೆಗಳು ಇರಲಿಲ್ಲ. ಕುಡುಗೋಲಿನಿಂದ ನೀಟಾಗಿ ಕೊಯ್ದಿದ್ದರು. ಕಳ್ಳ ಹಾಗೆ ಕೊಯ್ಯುವುದಿಲ್ಲ, ಮುರಿದುಕೊಂಡು ಓಡುತ್ತಾನೆ. ಹೊಲದ ಯಜಮಾನನೇ ಕೊಯ್ದಿದ್ದಾನೆ, ಮನೆಗೆ ತಂದಿಲ್ಲ. ಹಾಗಾದರೆ ಯಾರ ಮನೆಗೆ?

ಆ ಪ್ರಶ್ನೆಗೆ ಉತ್ತರವನ್ನು ಪಕ್ಕದ ಮನೆಯ ಜಂಬಮ್ಮ ಕರೆಯದೆಯೇ ಬಂದು ಕೊಟ್ಟಳು. ಇನ್ನೊಬ್ಬರ ಮನೆಯ ಸುದ್ದಿ ಹೊಟ್ಟೆಯಲ್ಲಿ ಇಟ್ಟುಕೊಂಡರೆ ಜಂಬಮ್ಮನಿಗೆ ಅನ್ನ ಅರಗುವುದಿಲ್ಲ.

"ಹೇಳಬಾರದು ಅನ್ಕೊಂಡಿದ್ದೆ ಪಾರ್ವತಿ," ಎಂದು ಶುರುಮಾಡಿದಳು. "ನಮ್ಮನಿಯವರು ನೋಡ್ಯಾರ. ನಿನ್ನ ಗಂಡ ಮಸ್ಕಿಯಾಗ ಸಂತಿ ಬಿಟ್ಟು ಸಾಬರ ಓಣಿಗೆ ಹೊಕ್ಕಾನ. ಒಬ್ಬಾಕಿ ಹೆಣ್ಣಮಗಳ ಮನಿ. ಮುಂದಿನ ಬಾಗಲದಿಂದ ಅಲ್ಲ, ಹಿತ್ತಲದಿಂದ."

"ಹೋಗಿರಬೇಕು. ಎತ್ತಿನ ವ್ಯಾಪಾರ ಇರತೈತಿ," ಎಂದಳು ಪಾರ್ವತೆಮ್ಮ, ಮುಖ ಕೆಡಿಸಿಕೊಳ್ಳದೆ.

"ಇರತೈತಿ, ಇರತೈತಿ," ಎಂದು ಜಂಬಮ್ಮ ತಲೆಯಾಡಿಸಿದಳು. ಆ ತಲೆಯಾಡಿಸುವಿಕೆ ಚಾಕುವಿಗಿಂತ ಹರಿತವಾಗಿತ್ತು.

ಖಂಡವೋ, ಹೆಂಗಸೋ, ಎರಡೂ ಸೇರಿಯೋ? ಬೆಳಗಿನವರೆಗೆ ಪಾರ್ವತೆಮ್ಮ ಇದೊಂದನ್ನೇ ಅರೆದಳು. ಇಪ್ಪತ್ತು ವರ್ಷ ಜೊತೆಗೆ ಬಾಳಿದ ಗಂಡಸು. ಅವನಿಲ್ಲದೆ ತನಗೆ ಬೇರೆ ಗತಿಯಿಲ್ಲ ಎಂಬುದು ನೆನಪಾಗಿ ಒಮ್ಮೆ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, ಕೈಯಾರೆ ಹಿಡಿದೇ ಬಿಡುತ್ತೇನೆ ಎಂದು ತೀರ್ಮಾನ ಮಾಡಿದಳು.

ಮುಂದಿನ ಸಂತೆಯ ದಿನ ಸೂಗಪ್ಪ ಮುಂಜಾನೆಯೇ ಹೊರಟ. ಮಧ್ಯಾಹ್ನ ಪಾರ್ವತೆಮ್ಮ ಮಗಳಿಗೆ, "ಮದಿವಿಗೆ ಕುಂಕುಮ ತರಬೇಕು," ಎಂದು ಹೇಳಿ ರಸ್ತೆಗೆ ನಡೆದು ಬಸ್ಸು ಹತ್ತಿದಳು. ಮಸ್ಕಿಯಲ್ಲಿ ಇಳಿದು ಸೆರಗು ಮುಖಕ್ಕೆ ಎಳೆದುಕೊಂಡಳು. ಸಂತೆಯಲ್ಲಿ ಮೂರು ಸುತ್ತು ತಿರುಗಿದರೂ ಗಂಡ ಕಾಣಲಿಲ್ಲ. ಕುಂಕುಮದ ಅಂಗಡಿಯ ಮುಂದೆ ನಿಂತು ಆಕೆ ಕಣ್ಣು ಮುಚ್ಚಿ ಗಾಳಿಯನ್ನು ಎಳೆದುಕೊಂಡಳು. ಬೆಲ್ಲ, ಚರ್ಮ, ಎಮ್ಮೆ, ಕರಿದ ಮೆಣಸಿನಕಾಯಿ ಬಜ್ಜಿ, ಇವೆಲ್ಲದರ ಹಿಂದೆ, ತೆಳ್ಳಗೆ, ಜಾಲಿಯ ಇದ್ದಲಿ. ಅದನ್ನೇ ಹಿಡಿದು ನಡೆದಳು. ಒಂದು ಓಣಿ, ಒಂದು ತಿರುವು, ಒಂದು ಬೇವಿನ ಗಿಡ. ಕೊನೆಗೆ ಒಂದು ಮಣ್ಣಿನ ಗೋಡೆ, ಗೋಡೆಯಲ್ಲಿ ಅರೆ ತೆರೆದ ಹಿತ್ತಲ ಬಾಗಿಲು. ಸಂದಿಯಿಂದ ಇಣುಕಿದಳು.

ಒಳಗೆ ಎರಡು ಬೆಂಕಿಗಳಿದ್ದವು. ಒಂದು ಇಟ್ಟಿಗೆ ಒಲೆ, ಅದರಲ್ಲಿ ಇದ್ದಲಿ ಕೆಂಡ, ಮೇಲೆ ಸಲಾಕಿಗಳು. ಹದಿನಾಲ್ಕರ ಒಬ್ಬ ಹುಡುಗಿ ಅವುಗಳನ್ನು ತಿರುವುತ್ತಿದ್ದಳು, ಎಂಟರ ಇನ್ನೊಬ್ಬಳು ಅಕ್ಕನ ಕೈಯನ್ನೇ ನೋಡುತ್ತ ಕೂತಿದ್ದಳು. ನಾಲ್ಕು ಮಾರು ದೂರದಲ್ಲಿ ನೆಲದಲ್ಲಿ ತೋಡಿದ ಸಣ್ಣ ಕುಣಿ, ಕುಳ್ಳಿನ ಕೆಂಡ, ಅದರಲ್ಲಿ ಜೋಳದ ತೆನೆ. ಅದರ ಮುಂದೆ ಸೂಗಪ್ಪ. ಒಂದು ತೆನೆ ತಿಕ್ಕುತ್ತಿದ್ದ, ನಡುನಡುವೆ ಎದ್ದು ಬಂದು ಹುಡುಗಿಯರ ಕೆಂಡಕ್ಕೆ ಬೀಸಣಿಕೆ ಬೀಸುತ್ತಿದ್ದ. ಬೀಸಿದಾಗಲೆಲ್ಲ ಹೊಗೆ ಅವನ ಧೋತರದ ಮೇಲೆ, ಕಿಡಿ ಅವನ ತೋಳಿನ ಮೇಲೆ ಹಾರುತ್ತಿದ್ದವು.

"ನಿಮ್ಮಪ್ಪ ಹಿಂಗ ಬೀಸತಿದ್ದಿಲ್ಲ ಬೇ," ಎಂದು ಹೇಳುತ್ತಿದ್ದ. "ಎಡಗೈಲೆ ಬೀಸತಿದ್ದ, ಬಲಗೈಲೆ ಸಲಾಕಿ ತಿರುವತಿದ್ದ. ಮೊದಲನೇದು ಸಣ್ಣಾಕೀಗೆ, ಅಂದ್ರ ನಿನಗ. ನಿನಗಿನ್ನೂ ಹಲ್ಲ ಬಂದಿದ್ದಿಲ್ಲ, ಬರೇ ಚೀಪಿ ಉಗುಳತಿದ್ದಿ."

ಹುಡುಗಿ ಕಿಸಕ್ಕನೆ ನಕ್ಕಳು. ಪಾರ್ವತೆಮ್ಮನಿಗೆ ಮುಂದಿನದು ಕೇಳುವ ವ್ಯವಧಾನವಿರಲಿಲ್ಲ. ಬಾಗಿಲು ನೂಕಿ ನೇರ ಗಂಡನ ಎದುರಿಗೆ ಹೋಗಿ ನಿಂತಳು.

"ಬಾಯಿ ತೆಗೀರಿ," ಎಂದಳು.

ಸೂಗಪ್ಪ ಬೆಚ್ಚಿದ. ಆದರೆ ಹೆಂಡತಿಯನ್ನು ಬಲ್ಲವನು, ಬಾಯಿ ತೆಗೆದ. ಪಾರ್ವತೆಮ್ಮ ಬಗ್ಗಿ, ಮಕ್ಕಳ ಎದುರಿಗೇ, ಗಂಡನ ಬಾಯನ್ನು ಮೂಸಿದಳು. ಎಳೆ ಜೋಳ, ಬೆಲ್ಲ, ಶೇಂಗಾ ಹಿಂಡಿ, ಬೆಳ್ಳುಳ್ಳಿ. ಬೇರೆ ಏನೂ ಇರಲಿಲ್ಲ. ಮೂರು ತಿಂಗಳಿಂದ ಎದೆಯಲ್ಲಿ ಕೂತಿದ್ದ ಕಲ್ಲು ಇಳಿಯಿತು. ಮಗಳ ಮದುವೆ ಉಳಿಯಿತು, ಆಣೆ ಉಳಿಯಿತು, ಗಂಡ ಉಳಿದ. ಅಲ್ಲೇ ನೆಲದ ಮೇಲೆ ಕೂತಳು.

"ಪಾಸಾದೆನೋ ಇಲ್ಲೋ?" ಎಂದು ಸೂಗಪ್ಪ ಕೇಳಿದ.

ಅಷ್ಟರಲ್ಲಿ ಮನೆಯೊಳಗಿಂದ ಒಬ್ಬ ಹೆಂಗಸು ನೀರಿನ ತಂಬಿಗೆ ಹಿಡಿದು ಬಂದಳು. ಕೈಯಲ್ಲಿ ಬಳೆಯಿರಲಿಲ್ಲ. ಪಾರ್ವತೆಮ್ಮ ಗುರುತು ಹಿಡಿಯುವ ಮೊದಲೇ ಆಕೆ ಗುರುತು ಹಿಡಿದಳು. ಮಹಮ್ಮದಸಾಬನ ಹೆಂಡತಿ ದಾವಲ್‌ಬೀ.

"ಅಕ್ಕಾರು ಬಂದಾರ," ಎಂದು ಮಕ್ಕಳಿಗೆ ಹೇಳಿದಳು, ಹಬ್ಬ ಬಂದಿದೆ ಎನ್ನುವ ಹಾಗೆ. "ಬರ್ರಿ ಅಕ್ಕಾರ, ನಮ್ಮ ಒಲಿ ಕಡೆ ಬ್ಯಾಡ, ಅಣ್ಣಾರ ಕುಣಿ ಕಡೆ ಕುಂದರ್ರಿ. ನಿಮ್ಮ ಮಡಿ ನಮಗ ಗೊತ್ತೈತಿ. ಅದಕ್ಕಾ ಅವರಿಗೆ ಬ್ಯಾರೆ ಬೆಂಕಿ."

ಇಷ್ಟು ವರ್ಷ ದಾವಲ್‌ಬೀ ಲಿಂಗಸುಗೂರಿನ ಆಚೆ ತನ್ನ ತವರೂರಿನಲ್ಲಿ ಇದ್ದಳಂತೆ. ತಂದೆ ತೀರಿಕೊಂಡ ಮೇಲೆ ಮಸ್ಕಿಯ ಅಣ್ಣ ರಹಮಾನಸಾಬ ಕರೆತಂದು ಈ ಮನೆಯಲ್ಲಿ ಇಟ್ಟಿದ್ದಾನೆ. ದೀಪಾವಳಿಯ ಮುಂಚಿನ ಸಂತೆಯಲ್ಲಿ ಸೂಗಪ್ಪ ಕಣ್ಣಿಗೆ ಬಿದ್ದ. ಸಂತೆ ದಿನ ಕೆಂಡ ಮಾಡಬೇಕು ಎಂದು ಸಣ್ಣವಳು ಹಟ ಹಿಡಿಯುತ್ತಾಳೆ. ತಂದೆಯ ಮುಖ ಆಕೆಗೆ ನೆನಪಿಲ್ಲ, ಹೋಗುವಾಗ ಮೂರೇ ವರ್ಷದವಳು. ಈ ಹೊಗೆ ಬಂದರೆ ಮಾತ್ರ ಅಪ್ಪ ಎಲ್ಲೋ ಹತ್ತಿರ ಕೂತ ಹಾಗೆ ಆಗುತ್ತದೆ ಅನ್ನುತ್ತಾಳೆ. "ಅಪ್ಪನ್ನ ಬಲ್ಲವರು ಒಬ್ಬರು ಬಂದು ಕೂತು ಮಾತಾಡಿದ್ರ ಅದರ ಹೊಟ್ಟಿ ತುಂಬತೈತಿ ಅಕ್ಕಾರ, ಖಂಡ ನೆವ ಅಷ್ಟಾ," ಎಂದಳು ದಾವಲ್‌ಬೀ.

"ನನಗ ಯಾಕ ಹೇಳಲಿಲ್ಲ?" ಎಂದು ಪಾರ್ವತೆಮ್ಮ ಗಂಡನ ಕಡೆ ತಿರುಗಿದಳು.

ಸೂಗಪ್ಪ ತೆನೆ ತಿಕ್ಕುವುದರಲ್ಲಿ ಮಗ್ನನಾದ. ಹುಷಾರಾದ ಗಂಡಸರು ಇಂಥ ಹೊತ್ತಿನಲ್ಲಿ ಏನಾದರೂ ಒಂದನ್ನು ತಿಕ್ಕುತ್ತಿರುತ್ತಾರೆ. ಬಿಸಿ ಕಾಳು ಊದಿ ಹೆಂಡತಿಯ ಅಂಗೈಗೆ ಹಾಕಿದ. ಪಾರ್ವತೆಮ್ಮ ಒಂದು ಹಿಡಿ ಬಾಯಿಗೆ ಹಾಕಿಕೊಂಡಳು. ಅಂಥ ರುಚಿಯಾದ ಸೀತನಿಯನ್ನು ಆಕೆ ಆ ವರ್ಷ ತಿಂದಿರಲಿಲ್ಲ.

ಆಗ ದಾವಲ್‌ಬೀ ಹತ್ತಿರ ಬಂದು ಕೂತಳು. "ನಿಮಗೊಂದು ಮಾತು ಹೇಳೋದು ಉಳದಿತ್ತು ಅಕ್ಕಾರ. ಗದ್ದಲ ಆಗೂದು ಎರಡ ದಿನ ಮುಂಚೆ ನನ್ನ, ಮಕ್ಕಳನ್ನ ತವರಿಗೆ ಕಳಿಸಿದ್ರು. ಎತ್ತು ಬಿಟ್ಟು ಬರಾಕ ಅವರಿಗೆ ಮನಸ್ಸಾಗಲಿಲ್ಲ. ನಾ ಅಳಾಕತ್ತಿದ್ದೆ. ಅವರಂದ್ರು, ನನ್ನ ಫಿಕರ್ ಮಾಡಬ್ಯಾಡ, ಏನರ ಆದ್ರ ಬೇಲಿ ಜಿಗದು ಸೂಗಪ್ಪನ ಮನಿ ಸೇರತೀನಿ. ಅಲ್ಲಿ ಪಾರ್ವತೆಮ್ಮ ಅದಾಳ. ಆಕಿ ಬೈತಾಳ, ಆದ್ರ ಬಾಗಲಾ ತೆಗೀತಾಳ." ದಾವಲ್‌ಬೀ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಿಮ್ಮ ಹಿತ್ತಲ ತನಕ ಮುಟ್ಟಲಿಲ್ಲ ನೋಡ್ರಿ ಅವರು. ಮುಟ್ಟಿದ್ರ ಇವತ್ತು ಇಲ್ಲೇ ಕುಂತಿರತಿದ್ರು."

ಪಾರ್ವತೆಮ್ಮ ಅಂಗೈಯಲ್ಲಿ ಉಳಿದಿದ್ದ ಕಾಳನ್ನು ಕುಣಿಯ ಅಂಚಿಗೆ ಸುರಿದಳು.

ಆ ಗದ್ದಲದ ಸಂಜೆ ದೀಪ ಹಚ್ಚುವ ಹೊತ್ತು. ರಜಾಕಾರರ ಕಾಟದಲ್ಲಿ ಒಂದು ವರ್ಷ ಹಿಂದೂ ಮನೆಯವರು ನಡುಗಿದ್ದರು. ದಂಡು ಬಂದ ಮೇಲೆ ನಡುಗುವ ಸರದಿ ಸಾಬರದಾಗಿತ್ತು. ಹೊರಗಿನ ಯಾವುದೋ ಗುಂಪು ಊರಿಗೆ ಬಂದಿದೆ ಎಂದು ಸುದ್ದಿ. ಸೂಗಪ್ಪ ಸಿಂಧನೂರಿಗೆ ಹೋದವನು ಇನ್ನೂ ತಿರುಗಿ ಬಂದಿರಲಿಲ್ಲ. ಮರುದಿನ ಮನೆಯಲ್ಲಿ ಐನೋರ ಪಾದಪೂಜೆ, ಊಟ. ಹಿತ್ತಲ ಬಾಗಿಲು ತೆರೆಯುವುದು ಅಡುಗೆ ಕೋಣೆಗೆ. ಆ ಕೋಣೆಯನ್ನು ಸಗಣಿಯಿಂದ ಸಾರಿಸಿ, ಪ್ರಸಾದದ ಪಾತ್ರೆಗಳನ್ನು ತೊಳೆದು ಸಾಲಾಗಿ ಇಟ್ಟು, ಪಾರ್ವತೆಮ್ಮ ಲಿಂಗಪೂಜೆಗೆ ಕೂತಿದ್ದಳು. ಹಿತ್ತಲ ಬಾಗಿಲು ಎರಡು ಸಾರಿ ಮೆಲ್ಲಗೆ ಬಡಿಯಿತು. ಹೊರಗಿನವನು ಹೆಸರು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಬಾಗಿಲ ಸಂದಿಯಿಂದ ಇದ್ದಲಿಯ, ಜಿಡ್ಡಿನ ವಾಸನೆ ಬಂದಿತ್ತು. ಮಹಮ್ಮದಸಾಬ ಎಂದು ಆಕೆಗೆ ತಿಳಿಯಿತು. ಯಾಕೆ ಬಂದ ಎಂಬುದೂ ತಿಳಿಯಿತು.

ಅವನನ್ನು ಹೊರಗೆ ಬಿಡಬೇಕು ಎಂದು ಆಕೆ ಅಂದುಕೊಳ್ಳಲಿಲ್ಲ. ಮಡಿ ಮಾಡಿದ ಅಡುಗೆ ಕೋಣೆ ತುಳಿದುಕೊಂಡು ಬರುವುದು ಬೇಡ, ಸುತ್ತಿ ಮುಂದಿನ ಬಾಗಿಲಿಗೆ ಬರಲಿ, ದನದ ಕೊಟ್ಟಿಗೆಯಲ್ಲಿ ಮೇವಿನ ಹಿಂದೆ ಬಚ್ಚಿಟ್ಟರಾಯಿತು ಎಂದುಕೊಂಡಳು. ಎದ್ದು ಹೋಗಿ ಮುಂದಿನ ಬಾಗಿಲ ಅಗಳಿ ತೆಗೆದಳು, ಅಗಳಿಯ ಸದ್ದಿಗೆ ಸುತ್ತಿ ಬಂದಾನು ಎಂದು ಅಲ್ಲೇ ಕಾದು ನಿಂತಳು. ಅವನು ಬರಲಿಲ್ಲ. ಮುಂದಿನ ಓಣಿಯಲ್ಲಿ ಬಂದವರು ದೀವಟಿಗೆಯ ಜನ. ಆಕೆ ಅಗಳಿ ಹಾಕಿಕೊಂಡಳು. ಹಳ್ಳದ ಕಡೆಯಿಂದ ಕೂಗಾಟ ಕೇಳಿಸಿತು, ಆಮೇಲೆ ಏನೂ ಕೇಳಿಸಲಿಲ್ಲ. ಲೋಕದ ಎಲ್ಲರನ್ನೂ ಮೂಸಿ ನೋಡಿದವಳು ಆ ಸಂಜೆಯನ್ನು ಮಾತ್ರ ಒಂದು ದಿನವೂ ಎತ್ತಿ ನೋಡಿರಲಿಲ್ಲ.

ಬಸ್ಸು ಇಳಿದು ಗಂಡ ಹೆಂಡತಿ ಊರಿನ ದಾರಿ ಹಿಡಿದಾಗ ಹೊತ್ತು ಇಳಿಯುತ್ತಿತ್ತು. ಹೊಸ ಕಾಲುವೆಗೆ ತೋಡಿದ ಮಣ್ಣು ದಾರಿಯ ಬದಿಗೆ ದಿಬ್ಬವಾಗಿ ಬಿದ್ದಿತ್ತು. ಪಾರ್ವತೆಮ್ಮ ಕುಂಕುಮ ತರುವುದನ್ನು ಮರೆತಿದ್ದಳು.

"ದಾವಲ್‌ಬೀ ಹೇಳಿದ್ದು ಕೇಳಿದ್ರೇನು?" ಎಂದಳು.

"ಕೇಳಿದೆ." ಸೂಗಪ್ಪ ನಡಿಗೆ ನಿಧಾನ ಮಾಡಿದ. "ಮರುದಿನ ಮುಂಜಾನಿ ನಾ ಬಂದಾಗ ನಮ್ಮ ಹಿತ್ತಲ ಬಾಗಲದ ಮುಂದ ಅವನ ರುಮಾಲು ಬಿದ್ದಿತ್ತು. ಯಾರೂ ನೋಡಬಾರದಂತ ನಾನಾ ತೊಗೊಂಡು ಮಣ್ಣ ಮಾಡಿದೆ."

ಪಾರ್ವತೆಮ್ಮ ನಿಂತುಬಿಟ್ಟಳು. ಐದು ವರ್ಷ ಈ ಮನುಷ್ಯ ತನ್ನ ಕೈಯ ರೊಟ್ಟಿ ತಿಂದಿದ್ದಾನೆ, ಪಕ್ಕದಲ್ಲಿ ಪೂಜೆಗೆ ಕೂತಿದ್ದಾನೆ.

"ನನ್ನ ಯಾಕ ಕೇಳಲಿಲ್ಲ?"

"ಕೇಳಿದ್ರ ನೀ ಹೇಳಿಬಿಡತಿದ್ದಿ. ಅದಕ್ಕಾ ಕೇಳಲಿಲ್ಲ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಪೂಜಿ ಗಂಟಿ ಸಪ್ಪಳದಾಗ ನಿನಗ ಕೇಳಿಸಿರಲಿಕ್ಕಿಲ್ಲ ಅಂತ ನಾ ತಿಳ್ಕೊಂಡೀನಿ. ಹಂಗಾ ಇರಲಿ."

ಹಾಗೇ ಇರಬಹುದಿತ್ತು. ಗಂಡ ಒಂದು ಮಾತನ್ನು ಐದು ವರ್ಷ ಜತನ ಮಾಡಿ, ಹೊದಿಕೆಯಂತೆ ಹೊದಿಸಲು ಬಂದಿದ್ದ. ಆದರೆ ಪಾರ್ವತೆಮ್ಮ ಜೀವಮಾನದಲ್ಲಿ ಒಂದು ಸುಳ್ಳನ್ನೂ ಹಾಗೇ ಬಿಟ್ಟವಳಲ್ಲ, ತನ್ನದನ್ನೂ ಬಿಡಲಾಗಲಿಲ್ಲ.

"ಕೇಳಿಸಿತ್ತು," ಎಂದಳು. "ಯಾರಂತನೂ ಗೊತ್ತಾಗಿತ್ತು. 'ಮುಂದಿನ ಬಾಗಲಕ್ಕ ಬರಲಿ' ಅಂತ ಕಾದೆ."

ಸೂಗಪ್ಪ ದಿಬ್ಬದ ಮೇಲೆ ಕೂತು ಮೊಣಕಾಲಿನ ನಡುವೆ ತಲೆ ಇಟ್ಟ. ಆಕೆ ಎದುರಿಗೆ ನಿಂತೇ ಇದ್ದಳು.

"ನಾಳೆ ಹೋಗಿ ಆಕೀಗೆ ಹೇಳಿ ಕಾಲು ಹಿಡೀತೀನಿ," ಎಂದಳು.

"ಬ್ಯಾಡ," ಎಂದ ಸೂಗಪ್ಪ, ತಲೆ ಎತ್ತದೆ. "ನನಗ ಹೇಳಿದಿ, ಆತು. ಗಂಡ ಬಿಟ್ಟು ಹೋಗಿದ್ದು ಆಕೀ ಹತ್ರ ಅದೊಂದಾ ಮಾತು ಐತಿ. ಅದನ್ನ ಕಸ್ಗೊಂಡು ನೀ ಹಗುರಾಗಬ್ಯಾಡ."

ಮಾಘದಲ್ಲಿ ಕಸ್ತೂರೆಮ್ಮನ ಮದುವೆಯಾಯಿತು. ಲಿಂಗಸುಗೂರಿನ ಅಜ್ಜಿಗೆ ಯಾವ ಕೊರತೆಯೂ ಕಾಣಲಿಲ್ಲ. ಪಾರ್ವತೆಮ್ಮ ಓಣಿಯ ಒಲೆಗಳ ಸುದ್ದಿ ಹೇಳುವುದನ್ನು ಬಿಟ್ಟಳು. ಜಂಬಮ್ಮನಿಗೆ ಅದು ದೊಡ್ಡ ಅನುಮಾನವಾಯಿತು. ಸಂತೆಯ ದಿನ ಮಾತ್ರ ಗಂಡನಿಗಿಂತ ಮೊದಲು ಸಿದ್ಧಳಾಗಿ ನಿಲ್ಲುತ್ತಿದ್ದಳು. ಮಸ್ಕಿಯ ಆ ಹಿತ್ತಲಲ್ಲಿ ಕುಳ್ಳಿನ ಕುಣಿಯ ಪಕ್ಕ ಆಕೆಗೊಂದು ಮಣೆ ಹಾಕಿರುತ್ತಿದ್ದರು. ಕೆಂಡ ಕೆಂಪಾಗುವ ಹೊತ್ತಿಗೆ ಸಣ್ಣ ಹುಡುಗಿ ಬಂದು ಆಕೆಯ ತೊಡೆಗೆ ಒರಗಿ, ಪ್ರತಿ ಸಂತೆಗೂ ತಪ್ಪದೆ ಒಂದೇ ಪ್ರಶ್ನೆ ಕೇಳುತ್ತಿದ್ದಳು.

"ಅಪ್ಪ ಬಂದಿದ್ರ ನೀವು ಬಾಗಲಾ ತೆಗೀತಿದ್ರಿ ಅಲ್ಲ ದೊಡ್ಡವ್ವಾ?"

"ತೆಗೀತಿದ್ದೆ ಬೇ," ಎನ್ನುತ್ತಿದ್ದಳು ಪಾರ್ವತೆಮ್ಮ.